ಅಮ್ಮನ ಅಳತೆಯ ಕೋಟು

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಬೀರುವಿನ ಬಾಗಿಲು ತೆಗೆದೊಡನೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ಅದೇ ಹೊತ್ತಿಗೆ ಅಡುಗೆಮನೆಯಿಂದ ಅವರೆಕಾಯಿಯ ಸೊಗಡೂ ಬರುತ್ತಿರುತ್ತದೆ. ಮಲ್ಲೇಶ್ವರದಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ (ಬೆಳೆದ ಎಂಬ ಮಾತನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ) ಚಳಿಗಾಲವೆಂದರೆ ಈ ಎರಡು ವಾಸನೆಗಳು. ಹೋದ ವಾರ ಹೊದಿಕೆ ಹುಡುಕಲು ಬೀರು ತೆಗೆದೆ. ಶಾಲುಗಳ ಹಿಂದೆ, ಕೊನೆಯ ಹ್ಯಾಂಗರಿನಲ್ಲಿ ನನ್ನ ಮೆರೂನ್ ಬಣ್ಣದ ಉಣ್ಣೆ ಕೋಟು ತೂಗುತ್ತಿತ್ತು.

ನಾನು ಕುಳ್ಳಿ. ಎಷ್ಟು ಕುಳ್ಳಿ ಎಂದು ಅಡಿ, ಅಂಗುಲಗಳಲ್ಲಿ ಹೇಳುವ ಧೈರ್ಯ ಈ ವಯಸ್ಸಿನಲ್ಲೂ ಬಂದಿಲ್ಲ. ಮಾರ್ಕೆಟ್ಟಿನಲ್ಲಿ ನಾನು ಕೋಸಿನ ಬೆಲೆ ಕೇಳಿದರೆ, ರಾಶಿಯ ಆಚೆ ಕೂತವರು ಮೊದಲು 'ಯಾರದು ಕೇಳಿದ್ದು?' ಎಂದು ಕತ್ತೆತ್ತಿ ಹುಡುಕುತ್ತಾರೆ. ಇಷ್ಟು ಹೇಳಿದರೆ ಸಾಕಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಸಮಾಧಾನ ಹೇಳುವವರಿದ್ದಾರೆ. ಅವರೆಲ್ಲ ಸಾಮಾನ್ಯವಾಗಿ ಎತ್ತರದವರು.

ನನ್ನ ಬಾಲ್ಯದಲ್ಲಿ ಮಕ್ಕಳ ಬಟ್ಟೆಯನ್ನು ಮಕ್ಕಳ ಅಳತೆಗೆ ಹೊಲಿಸುವ ಪದ್ಧತಿಯೇ ಇರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. 'ಬೆಳೆಯೋ ಹುಡುಗಿ' ಎಂಬ ಒಂದೇ ಮಾತಿನ ಮೇಲೆ ಲಂಗದ ಅಂಚಿಗೆ ಮಡಿಕೆಯ ಮೇಲೆ ಮಡಿಕೆ ಹಿಡಿದು ಹೊಲಿಸುತ್ತಿದ್ದರು. ಹುಡುಗಿ ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚಬೇಕು. ಓರಗೆಯ ಹುಡುಗಿಯರ ಲಂಗಗಳಲ್ಲಿ ಮಡಿಕೆ ಬಿಚ್ಚಿದ ಕಡೆ ಬಣ್ಣ ಮಾಸದ ಹೊಸ ಪಟ್ಟಿ ಕಾಣುತ್ತಿತ್ತು. ಅದೊಂದು ಜಂಬ. ನನ್ನ ಲಂಗಗಳು ಮಡಿಕೆ ಬಿಚ್ಚದೆಯೇ ಹರಿದುಹೋದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉದ್ದನೆಯ ಹಾಸಿಗೆ ಹಾಸಿಟ್ಟು ಕಾಲು ಬೆಳೆಯಲೆಂದು ಕಾಯುತ್ತಿದ್ದರು.

ಕೋಟಿನ ಕಥೆಯೂ ಹೀಗೇ. ನಾನು ಮಾಧ್ಯಮಿಕ ಶಾಲೆಗೆ ಸೇರಿದ ವರ್ಷ ಅಮ್ಮ ಚಿಕ್ಕಪೇಟೆಯಿಂದ ಉಣ್ಣೆ ಬಟ್ಟೆ ತಂದು, ನನ್ನನ್ನು ಕರೆದುಕೊಂಡು ಶ್ರೀರಾಂಪುರದ ಟೈಲರ್ ಹತ್ತಿರ ಹೋದಳು. ಅವರು ಟೇಪು ಹಿಡಿದು ನನ್ನ ಕಡೆ ಬಾಗಿದರು.

"ಅವಳಿಗಲ್ಲ, ನನಗೆ ಅಳತೆ ತಗೊಳ್ಳಿ" ಎಂದಳು ಅಮ್ಮ.

"ಕೋಟು ಮಗುಗೆ ಅಂದ್ರಲ್ಲಮ್ಮಾ?"

"ಮಗುಗೇ. ಇನ್ನೇನು, ನನ್ನಷ್ಟಾಗ್ತಾಳೆ. ಪ್ರತಿ ವರ್ಷ ಹೊಲಿಸೋಕಾಗತ್ತಾ?"

ಅವರು ನಕ್ಕು ಅಮ್ಮನ ಅಳತೆ ತೆಗೆದುಕೊಂಡರು. ಕೋಟು ಅವಳ ಮೊಣಕಾಲಿಗಿಂತ ತುಸು ಮೇಲಕ್ಕೆ, ನನ್ನ ಮೊಣಕಾಲಿನಿಂದ ಎಷ್ಟೋ ಕೆಳಗೆ. ತೋಳನ್ನು ಎರಡೆರಡು ಸಲ ಮಡಚಿದರೆ ಮಾತ್ರ ನನ್ನ ಬೆರಳು ಹೊರಗೆ ಬರುತ್ತಿತ್ತು.

ಅಮ್ಮನೇನು ಎತ್ತರದ ಹೆಂಗಸಲ್ಲ. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಕಪ್ಪು ಹಲಗೆಯ ಮೇಲಿನ ಸಾಲು ಬರೆಯಲು ಸ್ಟೂಲು ಹತ್ತಬೇಕಾಗುತ್ತಿತ್ತು. ಮಕ್ಕಳು ಬೆನ್ನ ಹಿಂದೆ 'ಸ್ಟೂಲ್ ಮಿಸ್' ಎನ್ನುತ್ತಿದ್ದುದು ಅವಳಿಗೆ ಗೊತ್ತಿತ್ತು. ಉಳಿದೆಲ್ಲಕ್ಕೂ ನಗುತ್ತಿದ್ದ ಅಮ್ಮ ಇದಕ್ಕೆ ಮಾತ್ರ ನಗುತ್ತಿರಲಿಲ್ಲ. ಹಾಗಾಗಿ ಅವಳ ಆಸೆ ಚಿಕ್ಕದೇ. ನಾನು ಮಹಾ ಎತ್ತರ ಬೆಳೆಯಬೇಕಿರಲಿಲ್ಲ, ಅವಳಷ್ಟಾದರೆ ಸಾಕಿತ್ತು. ಅದಕ್ಕಾಗಿ ನಾನು ನೆನೆಸಿದ ಬಾದಾಮಿ ತಿಂದಿದ್ದೇನೆ, ಹಗ್ಗದಾಟ ಆಡಿದ್ದೇನೆ, ಅಟ್ಟದ ತೊಲೆ ಹಿಡಿದು ಪಡವಲಕಾಯಿಯಂತೆ ಜೋತಾಡಿದ್ದೇನೆ. ಉದ್ದವಾಗಲೆಂದು ಪಡವಲಕಾಯಿಗೆ ಕಲ್ಲು ಕಟ್ಟುವುದುಂಟು. ನನಗೆ ಕಟ್ಟಲಿಲ್ಲ, ಅಷ್ಟೇ.

ಪ್ರತಿ ದೀಪಾವಳಿಗೆ ಎಣ್ಣೆ ಸ್ನಾನವಾದ ಮೇಲೆ ಪರೀಕ್ಷೆ. ಅಮ್ಮನೂ ನಾನೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಅಜ್ಜಿ ದೋಸೆ ಮಗುಚುವ ಕಬ್ಬಿಣದ ಕೈಯನ್ನು ನಮ್ಮಿಬ್ಬರ ತಲೆಯ ಮೇಲೆ ಅಡ್ಡ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ, ತೀರ್ಪು ಕೊಡುತ್ತಿದ್ದಳು. "ಇನ್ನೂ ಇಲ್ಲ ಕಣೇ. ಇನ್ನು ನಾಲ್ಕು ಬೆರಳು." ಆ ನಾಲ್ಕು ಬೆರಳು ಅಲ್ಲೇ ನಿಂತುಬಿಟ್ಟಿತು. ನಾನು ಕಾಲೇಜು ಮುಗಿಸಿದೆ, ಅಜ್ಜಿ ತೀರಿಕೊಂಡಳು. ನಾಲ್ಕು ಬೆರಳು ಹಾಗೇ ಇತ್ತು.

ಆ ಕೋಟು ತೊಟ್ಟು ಅಮ್ಮನ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಒಮ್ಮೆ ಕಂಡಕ್ಟರ್, "ಮಗುಗೆ ಹಾಫ್ ಟಿಕೆಟ್ ಅಲ್ವಾ ಅಮ್ಮಾ?" ಎಂದು ಕೇಳಿದ್ದ. "ಯಾವ ಮಗು ಕಣಪ್ಪಾ? ಅವಳು ಬಿ.ಎ. ಓದ್ತಿದಾಳೆ!" ಎಂದು ಅಮ್ಮ ಗದರಿದಳು. ಇಡೀ ಬಸ್ಸು ಹಿಂತಿರುಗಿ ಬಿ.ಎ. ಓದುತ್ತಿರುವ ಕೋಟನ್ನು ನೋಡಿತು. ನಾನು ನಕ್ಕೆ. ಆದರೆ ಒಳಗೊಳಗೆ ನೋವಾಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಮ್ಮ ಕಾಯುತ್ತಿರುವುದು ನನಗಲ್ಲ, ಆ ಕೋಟಿಗೆ ಸರಿಹೊಂದುವ ಇನ್ನೊಬ್ಬ ಮಗಳಿಗೆ ಎಂದು ಬಹಳ ವರ್ಷ ಅನ್ನಿಸುತ್ತಿತ್ತು.

ನನ್ನ ಕಾಲು ನನಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ. ಒಂದು ಸಂಜೆ ಇದ್ದಕ್ಕಿದ್ದಂತೆ ಚಳಿಗಾಳಿ ಬೀಸಿತು. ಆಫೀಸಿನ ಗೆಳತಿಯೊಬ್ಬಳು ತನ್ನ ಗಿಡ್ಡ ಜಾಕೆಟ್ಟನ್ನು ನನಗೆ ಹೊದಿಸಿ ಕಳಿಸಿದಳು. ಸಂಪಿಗೆ ರಸ್ತೆಯ ಸೀರೆ ಅಂಗಡಿಯ ಗಾಜಿನಲ್ಲಿ ಯಾರೋ ಲಕ್ಷಣವಾದ ಹೆಂಗಸು ನಡೆದು ಬರುತ್ತಿದ್ದಳು, ಅವಳಿಗೆ ಕಾಲುಗಳಿದ್ದವು. ನಿಂತು ನೋಡಿದರೆ ನಾನೇ.

ಅಂದಿನಿಂದ ಈ ವಿಷಯದಲ್ಲಿ ನಾನು ಪಂಡಿತೆ. ಕೇಳದಿದ್ದರೂ ಹೇಳುವುದು ಪಂಡಿತರ ಲಕ್ಷಣವಾದ್ದರಿಂದ ಹೇಳುತ್ತೇನೆ. ನಮ್ಮಂಥವರ ಜಾಕೆಟ್ಟಿನ ಅಂಚು ಸೊಂಟದ ಮೂಳೆಯ ಹತ್ತಿರವೇ ನಿಲ್ಲಬೇಕು. ಅದರ ಕೆಳಗೆ ಸೀರೆಯ ನೆರಿಗೆ ಎಲ್ಲೂ ತಡೆಯಿಲ್ಲದೆ ಪಾದದವರೆಗೆ ಇಳಿದರೆ, ನೋಡುವವರ ಕಣ್ಣೂ ಅದರ ಜೊತೆ ಇಳಿದು ಕಾಲು ಉದ್ದವಿದೆ ಎಂದು ನಂಬಿಬಿಡುತ್ತದೆ. ತೊಡೆಯ ನಡುವೆ ನಿಲ್ಲುವ ಕೋಟು ಕಾಲನ್ನು ಅಲ್ಲೇ ಕತ್ತರಿಸುತ್ತದೆ, ಮೊಣಕಾಲಿನ ಕೆಳಗೆ ಬಂದರಂತೂ ಮನುಷ್ಯರೇ ಕಾಣುವುದಿಲ್ಲ. ಕುರ್ತಾದ ಮೇಲೆ ಹಾಕುವುದಾದರೆ ಕುರ್ತಾ ಧಾರಾಳವಾಗಿ ಕೆಳಗಿಳಿದಿರಬೇಕು. ನಾಲ್ಕು ಬೆರಳಷ್ಟೇ ಇಣುಕಿದರೆ ಒಳಲಂಗ ಜಾರಿದೆಯೇನೋ ಎಂದು ದಾರಿಹೋಕರು ಗಾಬರಿಯಾಗುತ್ತಾರೆ. ತೋಳು ಮಣಿಕಟ್ಟಿನಲ್ಲಿ ಮುಗಿಯಲಿ, ಬಳೆ ಕಾಣಲಿ.

ಆ ಸಂಜೆ ಮನೆಗೆ ಬಂದಾಗ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದಳು. "ಇದೇನೇ, ರವಿಕೆ ಮೇಲೆ ರವಿಕೆ ಹಾಕ್ಕೊಂಡ ಹಾಗಿದೆ! ಸೊಂಟಕ್ಕೆ ಚಳಿ ಹೊಡಿಯಲ್ವಾ?" ನಾನು ನನಗೊಂದು ಗಿಡ್ಡ ಜಾಕೆಟ್ ಕೊಂಡೆ. ಮೆರೂನ್ ಕೋಟು ಬೀರು ಸೇರಿತು. ಅದನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದರೆ ಅಮ್ಮ, "ಇರ್ಲಿ ಬಿಡು" ಎನ್ನುತ್ತಿದ್ದಳು.

ಈಗ ಅಮ್ಮನಿಗೆ ಎಂಬತ್ತು ದಾಟಿದೆ. ಹೋದ ತಿಂಗಳವರೆಗೂ ದಿನಾ ಸಂಜೆ ಪಾರ್ಕಿಗೆ ಹೋಗಿ, ಕಲ್ಲುಬೆಂಚಿನ ಮೇಲೆ ತನ್ನಂಥ ನಿವೃತ್ತ ಟೀಚರುಗಳ ಜೊತೆ ಕೂತು ಊರನ್ನೆಲ್ಲ ತಿದ್ದಿ ಬರುತ್ತಿದ್ದಳು. ಒಂದು ಕೆಮ್ಮು ಹಿಡಿದು ಮಲಗಿದವಳು, ಕೆಮ್ಮು ಹೋದ ಮೇಲೂ ಹೊರಗೆ ಹೋಗಲಿಲ್ಲ. "ನಡೀದೆ ಇದ್ರೆ ಕಾಲು ಹಾಗೇ ಕೂತ್ಬಿಡತ್ತೆ, ಆಮೇಲೆ ಏಳಿಸೋದು ಕಷ್ಟ" ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ನನಗೆ ಭಯವಾಯಿತು. ಚಳಿ ಎನ್ನುತ್ತಾಳಲ್ಲ ಎಂದು ದಪ್ಪನೆಯ ಉದ್ದ ಕೋಟೊಂದನ್ನು ತಂದೆ. ನನ್ನ ಶಾಸ್ತ್ರವೆಲ್ಲ ನನ್ನ ಮೈಗೆ ಮಾತ್ರ ಇತ್ತು ನೋಡಿ. ಅಮ್ಮ ಅದನ್ನು ಹಾಕಿಕೊಂಡು ಕನ್ನಡಿ ನೋಡಿದಳು. "ಹಾಸಿಗೆ ಸುತ್ತಿಟ್ಟ ಹಾಗಿದೀನಿ. ಇದನ್ನ ಹಾಕ್ಕೊಂಡು ಅವರ ಮುಂದೆ ಹೋಗ್ಲಾ?" ಎಂದು ಬಿಚ್ಚಿಟ್ಟು ಕೂತಳು. ಚಳಿಗಿಂತ ಪಾರ್ಕಿನವರೆದುರು ಹೇಗೆ ಕಾಣುತ್ತೇನೋ ಎಂಬ ಅಳುಕೇ ಅವಳನ್ನು ಹಿಡಿದು ಕೂರಿಸಿತ್ತು. ಎಂಬತ್ತು ದಾಟಿದರೂ ಅವಳು ಇನ್ನೂ ಸ್ಟೂಲ್ ಮಿಸ್ಸೇ.

ಆಗಲೇ ಬೀರುವಿನಲ್ಲಿ ಮೆರೂನ್ ಕೋಟು ಕಂಡದ್ದು. ಇದು ಅವಳದೇ ಅಳತೆಯಲ್ಲವೇ! ತಂದು ಹಾಕಿದೆ. ತೋಳಿನೊಳಗೆ ಅವಳ ಬೆರಳುಗಳು ಕಾಣೆಯಾದವು. ಅಂಚು ಮೊಣಕಾಲು ಮುಟ್ಟುತ್ತಿತ್ತು.

"ಇದೇನು, ಹಿಗ್ಗಿದ್ಯಾ?" ಎಂದಳು.

"ಇಷ್ಟು ವರ್ಷ ತೂಗಿದ್ರೂ ಉಣ್ಣೆ ಇಷ್ಟೊಂದು ಹಿಗ್ಗಲ್ಲಮ್ಮಾ."

"ಹಾಗಾದ್ರೆ ನಾನೇ ಇಳ್ದಿದೀನಿ." ಅಷ್ಟು ಹೇಳಿ ತೋಳುಗಳನ್ನು ತಾನೇ ಮಡಚತೊಡಗಿದಳು, ನನಗೆ ಮಡಚುತ್ತಿದ್ದಂತೆಯೇ. ನೋಡಲಾಗಲಿಲ್ಲ ನನಗೆ. "ಏಳು, ಅಂಗಡಿಗೆ ಹೋಗೋಣ" ಎಂದೆ.

ಸಂಪಿಗೆ ರಸ್ತೆಯ ಅಂಗಡಿಗೆ ಆಟೋದಲ್ಲೇ ಹೋದೆವು. ಅಲ್ಲಿಯ ಹುಡುಗಿ ಉದ್ದನೆಯವನ್ನೇ ತೆಗೆದು ಹರಡಿದಳು. "ಅಜ್ಜಿಗೆ ಬೆಚ್ಚಗಿರತ್ತೆ ಆಂಟಿ." ನಾನು ಅವನ್ನೆಲ್ಲ ಬದಿಗೆ ಸರಿಸಿ, ಬೂದು ಬಣ್ಣದ, ಸೊಂಟಕ್ಕೇ ನಿಲ್ಲುವ ಒಂದು ಜಾಕೆಟ್ ಆರಿಸಿದೆ. ಅಮ್ಮ ಸೊಂಟದ ಚಳಿಯ ಮಾತು ತೆಗೆದಳು. ಒಳಗೆ ಬೆಚ್ಚನೆಯ ಬನಿಯನ್ ಕೊಡಿಸುತ್ತೇನೆಂದು ಒಪ್ಪಿಸಿದೆ. ಸೆರಗನ್ನು ಒಳಗೆ ಸೇರಿಸಿ, ಗುಂಡಿ ಹಾಕಿ, ಕನ್ನಡಿಯ ಮುಂದೆ ನಿಲ್ಲಿಸಿದೆ. ನೆರಿಗೆ ಪಾದದವರೆಗೆ ನೆಟ್ಟಗೆ ಇಳಿಯಿತು. ಅಮ್ಮನ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಪಾಠ ಶುರುಮಾಡುವ ಮುಂಚೆ ಹೀಗೇ ನಿಲ್ಲುತ್ತಿದ್ದಳೇನೋ.

ನಾನೂ ಪಕ್ಕದಲ್ಲಿ ನಿಂತೆ. ಅಂಗಡಿಯ ಹುಡುಗಿ ಹಿಂದಿನಿಂದ, "ಇಬ್ರೂ ಒಂದೇ ಹೈಟ್ ಇದೀರ ಆಂಟಿ" ಎಂದಳು.

ಅಮ್ಮ ಗಕ್ಕನೆ ತಿರುಗಿದಳು. "ಏನಂದೆ?" ನನ್ನ ಭುಜ ಹಿಡಿದು ತಿರುಗಿಸಿ, ತನ್ನ ಬೆನ್ನನ್ನು ನನ್ನ ಬೆನ್ನಿಗೆ ಆನಿಸಿದಳು. "ನಮ್ಮ ತಲೆ ಮೇಲೆ ಕೈ ಇಟ್ಟು ಸರಿಯಾಗಿ ನೋಡಮ್ಮಾ." ಸುತ್ತಲಿದ್ದವರೆಲ್ಲ ನೋಡುತ್ತಿದ್ದರು. ಹುಡುಗಿ ಅಂಗೈ ಅಡ್ಡ ಇಟ್ಟಳು. ಜಾಕೆಟ್ಟಿನೊಳಗಿನಿಂದ ಅಮ್ಮನ ಬೆನ್ನಿನ ಮೂಳೆಗಳು ನನಗೆ ತಿಳಿಯುತ್ತಿದ್ದವು.

"ಸಮ ಇದೆ ಅಜ್ಜಿ. ಒಂಚೂರೂ ಹೆಚ್ಚು ಕಡಿಮೆ ಇಲ್ಲ."

ಅಮ್ಮ ಈ ಕಡೆ ತಿರುಗಿ ನನ್ನ ಕೆನ್ನೆ ಹಿಡಿದಳು. ಅವಳ ಮುಖದಲ್ಲಿ ಅಂಥ ನಗು ನೋಡಿ ಎಷ್ಟೋ ಕಾಲವಾಗಿತ್ತು. "ಅಂತೂ ನನ್ನಷ್ಟಾದೆಯಲ್ಲೇ!"

ನಾನು ಬೆಳೆದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಆ ಮಾತು ಕೇಳಿ, ಲಂಗದ ಮಡಿಕೆಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡಷ್ಟು ಸಂತೋಷವಾಯಿತು. ಅಳುವೂ ಬಂತು. ಅಮ್ಮ ಇಷ್ಟು ವರ್ಷ ಕಾಯುತ್ತಿದ್ದುದು ನನಗೇ.

ಜಾಕೆಟ್ಟನ್ನು ಮಡಚಿ ಕವರಿಗೆ ಹಾಕಲು ಅಮ್ಮ ಕೊಡಲಿಲ್ಲ. ಹಾಕಿಕೊಂಡೇ ಹೊರಗೆ ಬಂದಳು. ನಾನು ಆಟೋಗೆ ಕೈ ಅಡ್ಡ ಮಾಡಿದೆ. ಅವಳು ನನ್ನ ಕೈ ಕೆಳಗಿಳಿಸಿದಳು.

"ಬೇಡ. ಪಾರ್ಕ್ ಕಡೆಯಿಂದ ನಡ್ಕೊಂಡೇ ಹೋಗೋಣ. ಈ ಹೊತ್ತಿಗೆ ಅವರೆಲ್ಲ ಇನ್ನೂ ಕೂತಿರ್ತಾರೆ."