ತಂತಿ ಕಿತ್ತರೂ ನಾಲ್ಕು ಡಿಗ್ರಿ

ತಿಕೋಟಾದ ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಜೈನಾಪುರದ ರೈತರ ಒಣದ್ರಾಕ್ಷಿ ಇದೆ. ಕೆಟ್ಟರೆ ನಾನೇ ಹೊಣೆ. ಒಳಗಿನ ತಂಪು ತೋರಿಸುವ ಪ್ರೋಗ್ರಾಂ ಗಾಂಧಿ ಚೌಕದ ಅಂಗಡಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಚಲೋ ಓಡುತ್ತಿತ್ತು. ತಿಕೋಟಾಕ್ಕೆ ಲಿನಕ್ಸ್ ಕಂಪ್ಯೂಟರ್ ತಂದೆ. ಹೊಸ ಡಿಸ್ಕ್ ಯಾಕೆ ದಂಡ ಎಂದು, ತೀರಿಹೋದ ಪಾಲುದಾರ ಮಲ್ಲಪ್ಪನ ಹಳೇ ಡಿಸ್ಕನ್ನೇ ಅದಕ್ಕೆ ಹಾಕಿಸಿದೆ.

ಪ್ರೋಗ್ರಾಂ ಕೂಡಿಸಲು ಬಂದ ಶಬಾನಾ ಹೇಳಿದಳು: “ಕಾಕಾ, ತಂಪು ಅಳೆಯೋ ಸೆನ್ಸರ್ ಓದಾಕ ಲೈಬ್ರರಿ ಅಂತ ಒಂದು ಫೈಲ್ ಬೇಕ್ರಿ, ಅದು ಒಂದೊಂದು ಕಂಪ್ಯೂಟರಿನ್ಯಾಗ ಒಂದೊಂದು ಕಡೆ ಇರತೈತ್ರಿ. ಎಲ್ಲೈತಿ ಅಂತ ಪ್ರೋಗ್ರಾಂ ತಾನೇ ಹುಡುಕಲಿ ಅಂತ ಬರದೇನಿ.”

ಹುಡುಕಿಕೊಂಡಿತು. ಪರದೆಯ ಮೇಲೆ ನಾಲ್ಕು ಡಿಗ್ರಿ ಬಂತು. ಆದರೆ ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ಬೆಚ್ಚನೆ ಗಾಳಿ ಹೊಡೆಯಿತು. ದ್ರಾಕ್ಷಿ ಬೆರಳಿಗೆ ಅಂಟಿತು. ಸೆನ್ಸರಿನ ತಂತಿಯನ್ನೇ ಕಿತ್ತೆ. ಆಗಲೂ ನಾಲ್ಕು.

ಶಬಾನಾಳ ದನಿ ಸಣ್ಣಗಾಯಿತು. “ನಾ ಇನ್ನೂ ಲೈಬ್ರರಿ ಹಾಕೇ ಇಲ್ರಿ.”

“ಮತ್ತ ಇದಕ್ಕ ಸಿಕ್ಕದ್ದು ಯಾರದವಾ?”

ಪ್ರೋಗ್ರಾಂ ಹುಡುಕಿಕೊಂಡು ಹೋದ ದಾರಿಯನ್ನು ಅವಳು ಪರದೆಗೆ ತಂದಳು. ಅದು ಮಲ್ಲಪ್ಪನ ಹೆಸರಿನ ಫೋಲ್ಡರಿನೊಳಗೆ ಹೋಗಿ ನಿಂತಿತ್ತು. ಆಮೇಲೆ ಅದರೊಳಗಿದ್ದುದನ್ನು ಓದಿ ಹೇಳಿದಳು: “ಹೆಸರೇನೋ ಅದೇ ಲೈಬ್ರರಿದು, ಆದ್ರ ಇದು ಸೆನ್ಸರ್ ಓದೂದೇ ಇಲ್ರಿ ಕಾಕಾ. ಯಾವಾಗ ಕೇಳಿದ್ರೂ ನಾಲ್ಕು ಅಂತೈತಿ. ಗಿರಾಕಿಗೆ ತೋರಸಾಕ ಮಾಡಿಸ್ಯಾರ.”

ಮೊದಲು ಮೆಕ್ಯಾನಿಕನನ್ನು ಕರೆಸಿ, ಕೆಟ್ಟುನಿಂತಿದ್ದ ತಂಪಿನ ಯಂತ್ರ ರಿಪೇರಿ ಮಾಡಿಸಿ ಮಾಲು ಉಳಿಸಿಕೊಂಡೆ. ಆಮೇಲೆ ಶಬಾನಾಗೆ ಹೇಳಿದೆ: “ಹೆಸರು ಕೂಡಿತು ಅಂತ ತಗೋಬ್ಯಾಡ. ಪರೀಕ್ಷಾ ಮಾಡಿ ತಗೋ ಅಂತ ಪ್ರೋಗ್ರಾಂನ್ಯಾಗ ಬರಿಯವಾ.”

ಮಲ್ಲಪ್ಪನ ಮೇಲೆ ಸಿಟ್ಟೇನೂ ಬರಲಿಲ್ಲ. ಬದುಕಿದ್ದಾಗಲೂ ಆತ ಮಾಲು ಕೆಟ್ಟಿದೆ ಎಂದು ಒಮ್ಮೆಯೂ ಬಾಯಿಬಿಟ್ಟವನಲ್ಲ.