ಪುರಸಭೆಯ ರೇಡಿಯೋ, ಒಂದು ಚಿಪ್ಪು ಎಣ್ಣೆ

ಹೋದ ವಾರ ನಮ್ಮ ಮನೆಯ ಕಬ್ಬಿಣದ ಗೇಟು ಕಿರುಗುಟ್ಟತೊಡಗಿತು. ಗ್ರೀಸು ತರಲು ಅಂಗಡಿಗೆ ಹೋಗುವುದಕ್ಕೆ ಸೋಮಾರಿತನ. ಅಡುಗೆಮನೆಯಿಂದ ಒಂದಿಷ್ಟು ಕೊಬ್ಬರಿ ಎಣ್ಣೆ ತಂದೆ. ಚಳಿಗೆ ಅದು ಬೆಳ್ಳಗೆ ಗಟ್ಟಿಯಾಗಿತ್ತು. ಅಂಗೈಯಲ್ಲಿಟ್ಟುಕೊಂಡು ಕರಗಿಸಿ ಗೇಟಿನ ಕೀಲಿಗೆ ಬಿಟ್ಟೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಕೊಬ್ಬರಿ ಎಣ್ಣೆ ತಾಗಿದರೆ ಒಂದು ವಾಸನೆ ಬರುತ್ತದೆ... ಹೇಗೆ ಹೇಳಲಿ, ಮಳೆ ನಿಂತ ಮೇಲೆ ಹಳೆಯ ಅಟ್ಟದ ಬಾಗಿಲು ತೆಗೆದ ಹಾಗೆ. ಆ ವಾಸನೆಗೆ ನಾನು ಗೇಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಪಾರ್ಕಿನ ರೇಡಿಯೋ ತಾತ ಕಣ್ಣೆದುರಿಗೆ ಬಂದರು. ಅವರ ಹಿಂದೆಯೇ ನನ್ನ ತಂಗಿಯೂ ಬಂದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯಬೇಕು ಅನ್ನಿಸಿತು.

ಮನೆಮನೆಗೆ ರೇಡಿಯೋ ಬರುವುದಕ್ಕೆ ಮುಂಚಿನ ಮಾತು ಇದು. ಆಗ ನಮ್ಮೂರಿನ ಪುರಸಭೆ ಜನಕ್ಕೆ ಏನೇನೋ ಕೊಡುತ್ತಿತ್ತು. ಬೀದಿಯ ನಲ್ಲಿ, ಬೀದಿಯ ದೀಪ, ಪೇಪರು ಓದುವ ಒಂದು ಕೋಣೆ, ಹೊತ್ತು ತಿಳಿಸುವುದಕ್ಕೆ ಸೈರನ್ನು. ಇವೆಲ್ಲಕ್ಕಿಂತ ನಮಗೆ ಹೆಚ್ಚಾಗಿದ್ದದ್ದು ಪಾರ್ಕಿನ ರೇಡಿಯೋ. ಪಾರ್ಕಿನ ನಡುವೆ ಒಂದು ಪುಟ್ಟ ಗುಂಡನೆಯ ಕೋಣೆ, ಅದರ ತಾರಸಿಯ ಮೇಲೆ ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ಹೂವಿನ ಹಾಗೆ ಬಾಯಿ ತೆರೆದ ಹಾರ್ನು. ಸಂಜೆ ತಾತ ಬಂದು ಬೀಗ ತೆಗೆದು ರೇಡಿಯೋ ಹಾಕಿದರೆ ಕೊಬ್ಬರಿ ಮಂಡಿಯವರು, ಗಾಡಿಯವರು, ತೋಟದಿಂದ ಬಂದವರು ಎಲ್ಲರೂ ಹುಲ್ಲಿನ ಮೇಲೆ ಕೂತು ವಾರ್ತೆ ಕೇಳುವರು, ಪೇಟೆಯ ಕೊಬ್ಬರಿ ಧಾರಣೆ ಕೇಳುವರು. ಆಮೇಲೆ ಹಾಡು. ಊರ ಸುತ್ತ ತೆಂಗಿನ ಮಟ್ಟೆ ಸುಡುವ ಹೊಗೆ ಇಳಿದಿರುತ್ತಿತ್ತು. ಹಾಡು ಆ ಹೊಗೆಯ ಒಳಗಿಂದ ಬರುತ್ತಿತ್ತು.

ತಾತನಿಗೆ ಎಡಗಿವಿ ಕೇಳುತ್ತಿರಲಿಲ್ಲ. ವರ್ಷಗಟ್ಟಲೆ ಹಾರ್ನಿನ ಬಾಯಿಯ ಪಕ್ಕ ನಿಂತು ಹಾಗಾಯಿತು ಎನ್ನುವರು. ಊರಿಗೆಲ್ಲ ರೇಡಿಯೋ ಕೇಳಿಸುವ ಮನುಷ್ಯನಿಗೇ ಕಿವುಡು ಎಂದು ಜನ ರೇಗಿಸುತ್ತಿದ್ದರು. ಅವರು ಮೂಗಿಗೆ ನಶ್ಯ ಏರಿಸಿ, "ಅರ್ಧ ಊರಿನ ಮಾತು ಕೇಳಿದ್ರೆ ಸಾಕು ಕಣ್ರಲಾ. ಪೂರ್ತಿ ಕೇಳಿಸ್ಕೊಂಡ್ರೆ ಬದುಕಕ್ಕಾಗಲ್ಲ" ಎಂದು ನಗುತ್ತಿದ್ದರು.

ನನ್ನ ತಂಗಿಗೆ ಎಳವೆಯಲ್ಲಿ ಬಂದ ಜ್ವರಕ್ಕೆ ಎರಡು ಕಾಲೂ ಸೋತಿದ್ದವು. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಕರೆದೊಯ್ಯುತ್ತಿದ್ದೆ. ಅವಳು ದೊಡ್ಡವಳಾದ ಮೇಲೆ ಅವ್ವ ಬೇಡವೆಂದಳು. ಸಂಜೆ ಹೊತ್ತು ಪಾರ್ಕಿನಲ್ಲಿ ಬರೀ ಗಂಡಸರು. ಅಂದಿನಿಂದ ತಂಗಿಯ ಲೋಕ ಎಂದರೆ ಬೀದಿ ಕಡೆಯ ಕಿಟಕಿ. ಅದರ ಕೆಳಗೆ ಚಾಪೆ ಹಾಸಿಕೊಂಡು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಾ ಕೂರುವಳು. ನಮ್ಮ ಬೀದಿ ಪಾರ್ಕಿನ ಹಿಂದುಗಡೆಗೆ ಇತ್ತು. ಹಾರ್ನು ಮಾತ್ರ ಮುಂದಕ್ಕೆ ಮುಖ ಮಾಡಿತ್ತು. ಅವಳಿಗೆ ಬರೀ ಗೊಯ್ ಎನ್ನುವ ಸದ್ದು.

ತಾತನನ್ನು ಕೇಳಿದವನು ನಾನೇ. ಆಗ ನಾನು ಮಂಡಿಯೊಂದರಲ್ಲಿ ಕಾಯಿ ಸುಲಿಯುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಪಾರ್ಕಿಗೆ ಹೋಗಿ ತಾತನಿಗೆ ಕೋಣೆ ಗುಡಿಸಿಕೊಡುತ್ತಿದ್ದೆ. ಒಂದು ಸಂಜೆ ಅವರ ಬಲಗಡೆಗೆ ನಿಂತು ತಂಗಿಯ ವಿಷಯ ಹೇಳಿದೆ. ತಾತ ನಶ್ಯದ ಕೈ ಒರೆಸಿಕೊಂಡು ಎದ್ದರು. ಏಣಿ ಇಟ್ಟು ತಾರಸಿ ಹತ್ತಿ ಹಾರ್ನನ್ನು ಒಂಚೂರು ಹೊರಳಿಸಿದರು. ಪಾರ್ಕಿಗೂ ಕೇಳುವ ಹಾಗೆ, ನಮ್ಮ ಬೀದಿಗೂ ತಲುಪುವ ಹಾಗೆ.

ಆವತ್ತು ಮನೆಗೆ ಹೋದರೆ ತಂಗಿ ಕಡ್ಡಿ ಕೆಳಗಿಟ್ಟು ಸುಮ್ಮನೆ ಕೂತಿದ್ದಳು. "ಅಣ್ಣ, ರೇಡಿಯೋ ಬಂದು ನಮ್ಮನೇಲೇ ಕೂತಂಗಾಯ್ತು ಕಣೋ" ಎಂದಳು.

ಹಾಡು ಪೂರ್ತಿ ಬರುತ್ತಿರಲಿಲ್ಲ. ಗಾಳಿ ನಡುವಿನ ಮಾತುಗಳನ್ನು ತೆಂಗಿನ ತಲೆಗಳ ಮೇಲೆ ಎಲ್ಲೋ ಬಿಟ್ಟು ಬರುತ್ತಿತ್ತು. ಬಿಟ್ಟುಹೋದ ಜಾಗಕ್ಕೆ ಅವಳೇ ಮಾತು ಸೇರಿಸಿಕೊಂಡು ಹಾಡುತ್ತಿದ್ದಳು. ಅವಳು ಸೇರಿಸಿದ್ದೇ ಚೆನ್ನಾಗಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತಿತ್ತು. ವಾರ್ತೆ ಮುಗಿದ ಮೇಲೆ ಅವ್ವನಿಗೆ ಅದನ್ನೆಲ್ಲ ತಿರುಗಿ ಹೇಳುವಳು, ತಾನೇ ದೂರದ ಊರಿಗೆಲ್ಲ ಹೋಗಿ ಬಂದವಳ ಹಾಗೆ...

ನನ್ನ ಆಸೆ ಅಲ್ಲಿಗೆ ನಿಲ್ಲಲಿಲ್ಲ. ನಾಲ್ಕು ದಿನಕ್ಕೊಮ್ಮೆ, "ಇನ್ನೊಂಚೂರು ತಿರುಗ್ಸು ತಾತ" ಅನ್ನುವೆ.

"ಲೇ, ಇನ್ನೂ ತಿರುಗ್ಸಿದ್ರೆ ಪಾರ್ಕಲ್ಲಿ ಕೂತಿರೋರು ನನ್ನ ಕತ್ತು ತಿರುಗ್ಸ್ತಾರೆ ಕಣ್ಲಾ" ಎನ್ನುತ್ತಲೇ ಅವರು ಏಣಿ ಹತ್ತುವರು. ಹತ್ತಿದಾಗಲೆಲ್ಲ ಸೊಂಟದಿಂದ ಸಣ್ಣ ಡಬ್ಬಿ ತೆಗೆದು ಕಂಬದ ಕೀಲಿಗೆ ಎಣ್ಣೆ ಬಿಡುವರು. ಹಾಗೆ ಒಂಚೂರು ಒಂಚೂರಾಗಿ ಕೊನೆಗೆ ಹಾರ್ನು ಪೂರಾ ನಮ್ಮ ಮನೆಯನ್ನೇ ನೋಡತೊಡಗಿತು.

ಮಂಡಿಯವರಿಗೆ ಧಾರಣೆ ಸರಿಯಾಗಿ ಕೇಳದಾಯಿತು. ಅವರು ಪುರಸಭೆಯ ಮೆಂಬರಿಗೆ ಹೇಳಿದರು. ಒಂದು ಸಂಜೆ ಮೆಂಬರು ಕೊಡೆ ಹಿಡಿದುಕೊಂಡು ಪಾರ್ಕಿಗೆ ಬಂದರು. ಜನ ಸುತ್ತ ನಿಂತರು. ನಾನೂ ನಿಂತೆ.

"ಯಾರಯ್ಯ ಇದನ್ನ ತಿರುಗ್ಸಿದ್ದು?"

"ಗಾಳಿಗೆ ತಿರುಗಿರ್ಬೇಕು ಸ್ವಾಮಿ" ಅಂದರು ತಾತ.

"ದಿನಾ ಒಂದೇ ಕಡೆಗೆ ಬೀಸ್ತದೇನಯ್ಯ ನಿನ್ನ ಗಾಳಿ?"

ಜನವೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಎಲ್ಲಿ ನನ್ನ ಕಡೆ ನೋಡುತ್ತಾರೋ ಎಂಬ ಭಯ. ತಾತ ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಯಾರ ಹೆಸರನ್ನೂ ಹೇಳಲಿಲ್ಲ.

ಹಾರ್ನನ್ನು ಮೊದಲಿನ ಹಾಗೆ ಮುಂದಕ್ಕೆ ತಿರುಗಿಸಿದರು. ತಾತನನ್ನು ಕೆಲಸದಿಂದ ತೆಗೆಯಲಿಲ್ಲ, ದೊಡ್ಡಿಗೆ ಹಾಕಿದರು. ಬೀದಿಯಲ್ಲಿ ಅಲೆಯುವ ದನ, ಬೇರೆಯವರ ತೋಟಕ್ಕೆ ನುಗ್ಗಿದ ದನಗಳನ್ನು ತಂದು ಕೂಡಿಹಾಕುವ ಪುರಸಭೆಯ ದೊಡ್ಡಿ ಅದು, ಊರಾಚೆ ಇತ್ತು. ಪಾರ್ಕಿನ ಬೀಗದ ಕೈ ಯಾರಿಗೆ ಕೊಡುವುದು ಎಂದು ಮಾತು ಬಂದಾಗ, ಅಲ್ಲೇ ಓಡಾಡಿಕೊಂಡಿದ್ದವನು ಎಂದು ನನ್ನನ್ನು ಕರೆದರು. "ಹಾರ್ನು ಅಲ್ಲಾಡಿಸಿದ್ರೆ ನಿನಗೂ ದೊಡ್ಡೀನೇ" ಎಂದರು ಮೆಂಬರು. ನಾನು ತಲೆಯಾಡಿಸಿ ಬೀಗದ ಕೈ ತೆಗೆದುಕೊಂಡೆ. ಕಾಯಿ ಸುಲಿದು ಅಂಗೈ ಒಡೆದುಹೋಗಿದ್ದವನಿಗೆ ಖಾಕಿ ಅಂಗಿ ಸಿಕ್ಕಿತು. ಜನ ನನ್ನನ್ನು ಕಂಡು, "ಏನಪ್ಪ ರೇಡಿಯೋ, ಇವತ್ತು ಹಾಡು ಯಾವುದು?" ಎನ್ನತೊಡಗಿದರು. ಅದು ಎಷ್ಟು ಹಿತವಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ತಂಗಿಗೆ ಖುಷಿಯೋ ಖುಷಿ. ಇನ್ನು ಅಣ್ಣನೇ ರೇಡಿಯೋ ಹಾಕುವವನು, ಹಾರ್ನು ತನ್ನ ಕಡೆಗೇ ತಿರುಗುತ್ತದೆ ಎಂದುಕೊಂಡಳು. ಎರಡು ಮೂರು ಸಂಜೆ ಕಾದಳು. ಆಮೇಲೆ ಕೇಳಿದಳು.

"ತುಕ್ಕು ಹಿಡಿದು ಕಚ್ಕೊಂಡದೆ ಕಣೇ. ಅಲ್ಲಾಡಲ್ಲ" ಎಂದೆ.

"ಎಣ್ಣೆ ಬುಟ್ಟು ನೋಡಿದ್ಯಾ?"

"ಎಲ್ಲಿಂದ ತರಲಿ ಎಣ್ಣೆ?"

ವಾರ ಕಳೆದು ಒಂದು ದಿನ ನಾನು ಹೊರಡುವ ಹೊತ್ತಿಗೆ ಅವಳು ಕರೆದಳು. ಚಳಿಗಾಲ ಅದು. ಕಂಬಳಿಯ ಒಳಗಿಂದ ಒಂದು ತೆಂಗಿನ ಚಿಪ್ಪು ತೆಗೆದಳು. ಅದರ ತುಂಬ ಕೊಬ್ಬರಿ ಎಣ್ಣೆ. ತನ್ನ ತಲೆಗೆಂದು ಅವ್ವ ಕೊಡುತ್ತಿದ್ದ ಎಣ್ಣೆಯನ್ನು ಹಚ್ಚಿಕೊಳ್ಳದೆ ಹಿಡಿದಿಟ್ಟಿದ್ದಳಂತೆ. ಗಟ್ಟಿಯಾಗಿದ್ದುದನ್ನು ಬೆಳಗಿನಿಂದ ಮಡಿಲಲ್ಲಿ ಇಟ್ಟುಕೊಂಡು ಕರಗಿಸಿದ್ದಳು. ಚಿಪ್ಪು ಬೆಚ್ಚಗಿತ್ತು, ಆಗತಾನೇ ಇಟ್ಟ ಮೊಟ್ಟೆಯ ಹಾಗೆ.

"ಆರೋದ್ರೊಳಗೆ ಹಾಕ್ಬುಡು ಕಣಣ್ಣ" ಎಂದಳು.

ಚಿಪ್ಪು ಹಿಡಿದು ಪಾರ್ಕಿನವರೆಗೂ ಹೋದೆ. ಏಣಿ ನೋಡಿದೆ. ದೂರದಲ್ಲಿ ಮೆಂಬರು ಕೂರುವ ಕಲ್ಲು ಬೆಂಚು ಕಾಣುತ್ತಿತ್ತು. ಪಾರ್ಕಿನ ನಲ್ಲಿಯ ಹತ್ತಿರ ನಿಂತು, ಆ ಎಣ್ಣೆಯನ್ನೆಲ್ಲ ನನ್ನ ತಲೆಗೆ ಹಚ್ಚಿಕೊಂಡೆ. ಚೆಲ್ಲಲು ಮನಸ್ಸು ಬರಲಿಲ್ಲ. ಹಾರ್ನಿಗೆ ಹಾಕುವ ಧೈರ್ಯ ಇರಲಿಲ್ಲ. ಕ್ರಾಪು ಬಾಚಿ, ಖಾಕಿ ಅಂಗಿ ತೊಟ್ಟು, ರೇಡಿಯೋ ಹಾಕಿದೆ.

ಮನೆಗೆ ಬಂದು ಅವಳ ಪಕ್ಕ ಕೂತೆ. "ಏನಾಯ್ತಣ್ಣ?" ಎಂದಳು.

"ಇನ್ನೂ ಬಿಗಿ ಅದೆ."

ಅವಳು ನನ್ನ ತಲೆಯನ್ನೇ ನೋಡಿದಳು. ಅಷ್ಟು ಹತ್ತಿರ ಕೂತಿದ್ದೆ. ಆ ವಾಸನೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ... "ಸರಿ ಬುಡು. ಒಂದೇ ಸಲಕ್ಕೆ ಬುಡ್ತದಾ ತುಕ್ಕು. ಇನ್ನೊಂದ್ಸಲ ನೋಡನ" ಎಂದು ಕಡ್ಡಿ ತೆಗೆಯಲು ಕೂತಳು.

ಕೆಲವು ದಿನ ಬಿಟ್ಟು ಇನ್ನೊಂದು ಚಿಪ್ಪು ಕೊಟ್ಟಳು. ಅದನ್ನು ತಲೆಗೆ ಹಚ್ಚಿಕೊಳ್ಳಲಾಗಲಿಲ್ಲ. ರೇಡಿಯೋ ಕೋಣೆಯ ಗೂಡಿನಲ್ಲಿಟ್ಟೆ. ಅಲ್ಲಿ ಅದು ಮತ್ತೆ ಬೆಳ್ಳಗೆ ಹೆಪ್ಪುಗಟ್ಟಿತು.

ತಾತ ಮಾತ್ರ ನಮ್ಮ ಮನೆಗೆ ಬರತೊಡಗಿದರು. ದೊಡ್ಡಿಯ ಕೆಲಸ ಮುಗಿಸಿ, ಸಗಣಿ ಮೆತ್ತಿದ ಕಾಲಿನಲ್ಲೇ ಕಿಟಕಿಯ ಹೊರಗೆ ಜಗಲಿಯ ಮೇಲೆ ಕೂರುವರು. ಗಂಟಲು ಸರಿಮಾಡಿಕೊಂಡು ಹೇಳುವರು: "ವಾರ್ತೆ ಓದ್ತಿರೋನು ದೊಡ್ಡಿ ತಾತ. ಇವತ್ತು ಒಂದು ಎಮ್ಮೆ, ಒಂದು ಜೊತೆ ಕತ್ತೆ ಸೆರೆ ಆಗವೆ. ಕತ್ತೆಗಳನ್ನ ಮೆಂಬರ್ ಆಗ್ತೀರಾ ಅಂತ ಕೇಳಿದ್ದಕ್ಕೆ, ಬ್ಯಾಡ, ಇಲ್ಲೇ ಆರಾಮಾಗಿದೀವಿ ಅಂದ್ವು." ತಂಗಿ ನಕ್ಕು ನಕ್ಕು ಕೆಮ್ಮುವಳು. ಆಗಲೇ ಅವಳಿಗೆ ಎದೆಯಲ್ಲಿ ಕಫ ಕಟ್ಟಿತ್ತು.

ಒಂದು ದಿನ ನಾನು ಅಲ್ಲೇ ಇದ್ದೆ. ತಂಗಿ ಕೇಳಿದಳು: "ತಾತ, ಹಾರ್ನಿಗೆ ತುಕ್ಕು ಹಿಡಿದದಂತಲ್ಲ. ನಿನ್ ಕಾಲ್ದಲ್ಲೂ ಹಂಗೇ ಇತ್ತಾ?"

ತಾತ ನನ್ನ ಕಡೆ ತಿರುಗಿದರು. ತಾವೇ ಎಣ್ಣೆ ಬಿಟ್ಟು ನೋಡಿಕೊಂಡ ಕೀಲು ಅದು. ನಾನು ನೆಲ ನೋಡಿದೆ.

"ಹೂಂ ಕಣವ್ವ" ಎಂದರು ತಾತ. "ಹಳೇ ಕಬ್ಬಿಣ. ಆಗ್ಲೇ ಶುರುವಾಗಿತ್ತು."

ಸಂಕ್ರಾಂತಿ ಕಳೆದು ಚಳಿ ಇನ್ನೇನು ಬಿಡುತ್ತದೆ ಎನ್ನುವಾಗ ತಂಗಿ ಹೋದಳು. ಎದೆಯ ಕಫ ಹೆಚ್ಚಾಗಿ, ಮಧ್ಯಾಹ್ನದ ಹೊತ್ತು, ಅದೇ ಕಿಟಕಿಯ ಕೆಳಗೆ. ಮಣ್ಣಿಗೆ ತಾತ ಬಂದಿದ್ದರು. ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ಹೋದರು.

ಮತ್ತೆ ಕೆಲಸಕ್ಕೆ ಹೋದ ದಿನ ಗೂಡಿನಲ್ಲಿ ಆ ಚಿಪ್ಪು ಕಂಡಿತು. ಎರಡೂ ಕೈಯಲ್ಲಿ ಹಿಡಿದು ಕೂತೆ. ಅವಳು ಬೆಳಗಿನಿಂದ ಹೇಗೆ ಕಾದು ಕೂರುತ್ತಿದ್ದಳೋ, ನನ್ನ ಕೈಯಲ್ಲೂ ಕರಗಲು ಬಹಳ ಹೊತ್ತು ಹಿಡಿಯಿತು. ಜನ ಬರುವ ಮೊದಲೇ ಏಣಿ ಹತ್ತಿ ಕೀಲಿಗೆ ಎಣ್ಣೆ ಬಿಟ್ಟು ಹಾರ್ನನ್ನು ತಳ್ಳಿದೆ. ಒಂದೇ ಬೆರಳಿಗೆ ತಿರುಗಿತು. ಒಂದಿಷ್ಟೂ ಸದ್ದು ಮಾಡಲಿಲ್ಲ.

ಇಳಿದು ರೇಡಿಯೋ ಹಾಕಿದೆ. ಯಾವುದೋ ಹಾಡು ಬರುತ್ತಿತ್ತು. ಮತ್ತೆ ಹತ್ತಿ ತಾರಸಿಯ ಮೇಲೆ ನಿಂತು ನೋಡಿದೆ. ತೆಂಗಿನ ಗರಿಗಳ ನಡುವೆ ನಮ್ಮ ಮನೆಯ ಕಿಟಕಿ ಕಂಡಿತು. ಹಾಡು ಅಲ್ಲಿಗೆ ತಲುಪಿರಬೇಕು. ಒಳಗಿಂದ ಅವ್ವನ ಕೈ ಹೊರಗೆ ಬಂದು ಕಿಟಕಿಯ ಬಾಗಿಲು ಎಳೆದುಕೊಂಡಿತು. ನಾನು ಹಾರ್ನನ್ನು ಮೊದಲಿದ್ದ ಕಡೆಗೆ ತಿರುಗಿಸಿ ಇಳಿದೆ.

ಆ ವಾರವೇ ದೊಡ್ಡಿಗೆ ಹೋದೆ. ತಾತ ಒಂದು ಬಡಕಲು ಹಸುವಿಗೆ ಹುಲ್ಲು ಹಾಕುತ್ತಿದ್ದರು. ಎಲ್ಲವನ್ನೂ ಹೇಳಬೇಕು ಎಂದೇ ಹೋಗಿದ್ದೆ. ಪಾರ್ಕಿನಲ್ಲಿ ನಕ್ಕಿದ್ದು, ತುಕ್ಕಿನ ಸುಳ್ಳು, ತಲೆಗೆ ಹಚ್ಚಿಕೊಂಡ ಎಣ್ಣೆ. ಹೇಳಿಯೂ ಹೇಳಿದೆ. ಆದರೆ ಹೇಳುವಾಗ ನಾನು ಅವರ ಎಡಗಡೆಗೆ ನಿಂತಿದ್ದೆ. ಗೊತ್ತಿಲ್ಲದೆ ನಿಂತಿದ್ದಲ್ಲ.

ಹೇಳಿ ಮುಗಿಸಿದಾಗ ಅವರು ತಿರುಗಿ, "ಏನಾರ ಅಂದ್ಯೇನ್ಲಾ?" ಎಂದರು.

"ಏನಿಲ್ಲ ತಾತ. ಈ ಹಸ ಯಾರದು ಅಂದೆ."

"ಸಂಪಿಗೆ ಊರ ಕಡೇದಂತೆ. ಬುಡಿಸ್ಕೊಂಡು ಹೋಗಕ್ಕೆ ಇನ್ನೂ ಯಾರೂ ಬಂದಿಲ್ಲ ಕಣಪ್ಪ" ಎಂದು ಅದರ ಕತ್ತಿನ ಗಂಗೆದೊಗಲು ಸವರಿದರು. ಅವರ ಕಣ್ಣು ಒದ್ದೆಯಾಗಿತ್ತು, ದುಃಖಕ್ಕೋ, ನಶ್ಯಕ್ಕೋ... ಅವರಿಗೆ ಎಷ್ಟು ಕೇಳಿಸಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದೆ ಅವರು ದಂಡಿನಶಿವರದ ಹತ್ತಿರದ ತಮ್ಮ ಹಳ್ಳಿಗೆ ಹೋದರು. ಅಲ್ಲೇ ತೀರಿಕೊಂಡರು ಎಂದು ಯಾರೋ ಹೇಳಿದಾಗ ಮಣ್ಣಾಗಿ ತಿಂಗಳಾಗಿತ್ತು. ಮನೆಮನೆಗೆ ರೇಡಿಯೋ ಬಂದು, ಆಮೇಲೆ ಟಿವಿ ಬಂದು, ಪಾರ್ಕಿಗೆ ಹಾಡು ಕೇಳಲು ಬರುವವರು ಇಲ್ಲವಾದರು. ಗುಂಡನೆಯ ಕೋಣೆಯನ್ನು ಒಡೆದು ಅಲ್ಲಿ ಮಕ್ಕಳಿಗೆ ಉಯ್ಯಾಲೆ ಹಾಕಿದ್ದಾರೆ.

ಗೇಟಿನ ಹತ್ತಿರ ಹಾಗೇ ನಿಂತಿದ್ದವನನ್ನು ಕಂಡು ನನ್ನ ಹೆಂಡತಿ, "ಎಣ್ಣೆ ದಂಡ ಮಾಡಿದ್ದಲ್ದೆ ನಿಂತ್ಕೊಂಡು ಕನಸು ಬೇರೆ ಕಾಣ್ತಿದೀರಾ? ಕೈ ತೊಳ್ಕೊಂಡು ಬನ್ನಿ" ಎಂದಳು.

ಗೇಟು ಈಗ ಸದ್ದಿಲ್ಲದೆ ತಿರುಗುತ್ತದೆ. ಆವತ್ತು ಕೈ ತೊಳೆಯಲಿಲ್ಲ. ತಲೆಗೂ ಒರೆಸಿಕೊಳ್ಳಲಿಲ್ಲ.