ಎರಡನೇ ಚೀಲದ ವೈನ್

ವಿಲ್ಮರ್ ಹೈಂಟ್ಸ್ ನಲವತ್ತೆಂಟು ವರ್ಷ ದ್ರಾಕ್ಷಿ ಬೆಳೆದಿದ್ದ. ಆ ದ್ರಾಕ್ಷಿಯ ವೈನನ್ನು ಒಮ್ಮೆಯೂ ಕುಡಿದಿರಲಿಲ್ಲ. ಲೋಡೈ ಊರಿನ ಸುತ್ತಮುತ್ತ ಇದೇನು ವಿಶೇಷವಲ್ಲ. ಸೆಪ್ಟೆಂಬರಿನಲ್ಲಿ ಲಾರಿ ಬಂದು ಹಣ್ಣು ಒಯ್ಯುತ್ತದೆ. ವೈನ್ ಕಾರ್ಖಾನೆಯ ತೊಟ್ಟಿಯಲ್ಲಿ ಇಪ್ಪತ್ತು ತೋಟಗಳ ರಸ ಒಂದಾಗುತ್ತದೆ. ಆಮೇಲೆ ಯಾರ ಹೆಸರೂ ಉಳಿಯುವುದಿಲ್ಲ. ವಿಲ್ಮರ್ ಕುಡಿಯುತ್ತಿದ್ದುದು ಬಿಯರ್.

ಬಳ್ಳಿ ನೆಟ್ಟವನು ಅವನ ಅಪ್ಪ. ಚಪ್ಪರವಿಲ್ಲ, ತಂತಿಯಿಲ್ಲ, ಒಂದೊಂದೂ ಗಿಡ್ಡ ಮರದ ಹಾಗೆ ತನ್ನ ಕಾಲ ಮೇಲೆ ತಾನು ನಿಂತಿತ್ತು. ಈ ಚಳಿಗಾಲದಲ್ಲಿ ಕಾರ್ಖಾನೆಯವರು ಇನ್ನು ಹಣ್ಣು ಬೇಡವೆಂದು ಬರೆದರು. ನೆರೆಯವರೆಲ್ಲ ಬಳ್ಳಿ ಕಿತ್ತು ಬಾದಾಮಿ ಹಾಕುತ್ತಿದ್ದರು. ಕೀಳುವ ಯಂತ್ರದ ನೆಸ್ಟರ್ ಸೋಮವಾರ ಬರಲೇ ಎಂದು ಕೇಳಿದಾಗ ವಿಲ್ಮರ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಶನಿವಾರ ಹೆಂಡತಿ ಆರ್ಲೀನ್ ಸದಸ್ಯರ ಕಾರ್ಡು ಹಿಡಿದು ಗೋದಾಮಿನಂಥ ದೊಡ್ಡ ಅಂಗಡಿಗೆ ಹೊರಟಳು.

"ಅಂಗಡಿಯವರದ್ದೇ ಹೆಸರಿನ ಅಗ್ಗದ ಕೆಂಪು ವೈನ್ ಇರುತ್ತಲ್ಲ, ಇರೋ ಥರ ಎಲ್ಲ ಒಂದೊಂದು ತಗೊಂಬಾ," ಎಂದ. "ನಮ್ಮ ಹಣ್ಣು ಅದಕ್ಕೇ ಹೋಗೋದಂತೆ. ಲಾರಿಯವನು ಹೇಳಿದ್ದ."

"ಯಾರ ಮದುವೇನಪ್ಪಾ?"

"ತಮಾಷೆ ಬೇಡ ಕಣೇ. ಬಾಟ್ಲಿಗೆ ಚೀಲ ಸುತ್ತಿ ಕೊಡು. ನಮ್ಮದು ಯಾವುದು ಅಂತ ಗುರುತು ಹಿಡಿದ್ರೆ ಬಳ್ಳಿ ಇರ್ಲಿ, ಹಣ್ಣು ಕೊಳ್ಳೋಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ. ಹಿಡೀಲಿಲ್ಲ ಅಂದ್ರೆ ನೆಸ್ಟರ್ ಬರ್ಲಿ."

"ನಿನ್ನ ಕಾಲುಚೀಲ ಯಾವುದು ಅಂತಾನೇ ಗುರುತು ಸಿಗಲ್ಲ ನಿಂಗೆ."

ಅವಳ ತಳ್ಳುಗಾಡಿಯಲ್ಲಿ ಮೂವತ್ತಾರು ಸುರುಳಿ ಟಾಯ್ಲೆಟ್ ಕಾಗದ, ಒಂದು ಇಡೀ ಮೀನು, ಮೂರು ಬಾಟ್ಲಿ. ಅಂಗಡಿಯ ಬಾಗಿಲಲ್ಲಿ ಸಾಮಾನು ನೋಡಿ ರಸೀದಿಗೆ ಗೆರೆ ಎಳೆಯುವ ಹುಡುಗಿ, "ಪಾರ್ಟಿನಾ ಅಜ್ಜಿ?" ಎಂದಳು.

"ಇಲ್ಲ ಪುಟ್ಟಾ, ಪರೀಕ್ಷೆ."

ಮಧ್ಯಾಹ್ನ ಊಟದ ಮೇಜಿನ ಮೇಲೆ ಮೂರು ಕಾಗದದ ಚೀಲ ನಿಂತವು. ವಿಲ್ಮರ್ ಕೈ ತೊಳೆದು ಬಂದು ಕೂತ. ಮೊದಲನೆಯದನ್ನು ಗುಟುಕರಿಸಿ, "ಜಾಮು," ಎಂದು ದೂರ ಸರಿಸಿದ. ಮೂರನೆಯದಕ್ಕೆ ಮುಖ ಹಿಂಡಿದ. ಎರಡನೆಯದಕ್ಕೆ ಮರಳಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಕುಡಿದ. ಕೊಯ್ಲಿನ ವಾರ ಅಂಗಿಯ ತೋಳಿಗೆ ಹತ್ತಿ, ಒಗೆದರೂ ಹೋಗದ ವಾಸನೆ ಅದರಲ್ಲಿತ್ತು.

"ಇದೇ. ಪಶ್ಚಿಮದ ಸಾಲಿನದು. ಅಲ್ಲಿ ಮರಳು ಜಾಸ್ತಿ."

ಚೀಲ ಸುತ್ತುವಾಗಲೇ ಆರ್ಲೀನ್ ಬಾಟ್ಲಿಗಳ ಮೇಲಿನ ಚೀಟಿಗಳನ್ನು ಓದಿದ್ದಳು.

"ಹೇಳೇ. ಸರೀನಾ?"

"ಲೋಡೈ ಅಂತ ಇರೋದು ಇದೊಂದೇ."

ವಿಲ್ಮರ್ ಮೇಜು ತಟ್ಟಿದ. ಅವಳು ಅಲ್ಲಿಗೆ ಬಿಡಬಹುದಿತ್ತು. ಬಾಟ್ಲಿಯನ್ನು ಚೀಲದಿಂದ ಎಳೆದು, ಚೀಟಿ ಅವನ ಕಡೆ ತಿರುಗಿಸಿ ಇಟ್ಟಳು. ಊರಿನ ಹೆಸರಿನ ಕೆಳಗೆ ಕೊಯ್ಲಿನ ವರ್ಷವಿತ್ತು: ೨೦೨೦.

ಕಾಡ್ಗಿಚ್ಚಿನ ಹೊಗೆ ತಿಂಗಳುಗಟ್ಟಲೆ ಕವಿದಿದ್ದ ವರ್ಷ. ಹಣ್ಣಿಗೆ ಹೊಗೆ ಹಿಡಿದಿದೆಯೆಂದು ಕಾರ್ಖಾನೆಯವರು ವಿಲ್ಮರನ ತೋಟದ ಒಂದು ಗೊಂಚಲನ್ನೂ ಒಯ್ಯಲಿಲ್ಲ. ಎಲ್ಲ ಬಳ್ಳಿಯಲ್ಲೇ ಒಣಗಿ, ಹಕ್ಕಿಗಳ ಪಾಲಾಗಿತ್ತು.

ವಿಲ್ಮರ್ ಚೀಟಿಯ ಮೇಲೆ ಬೆರಳಾಡಿಸಿದ. "ಮಣ್ಣು ಯಾವುದು ಅಂತ ಸರಿಯಾಗೇ ಹೇಳಿದ್ನಲ್ಲ," ಎಂದ.

"ಮಣ್ಣು ಸರಿಯಾಗೇ ಹೇಳ್ದೆ ನೀನು. ಬೇಕಾದ್ರೆ ನಾನು ವರ್ಷ ನೋಡೇ ಇಲ್ಲ ಅಂದ್ಕೋ."

"ನಾನು ನೋಡಿದ್ನಲ್ಲ." ಲೋಟದಲ್ಲಿದ್ದುದನ್ನು ಮುಗಿಸಿ, ಎದ್ದು ಹೋಗಿ ನೆಸ್ಟರನಿಗೆ ಫೋನು ಮಾಡಿದ.

ಸೋಮವಾರ ಯಂತ್ರ ಬಂತು. ಬುಧವಾರದ ಹೊತ್ತಿಗೆ ಹದಿನೆಂಟು ಎಕರೆ ಬಯಲಾಗಿ, ಅಡಿಗೆಮನೆಯ ಕಿಟಕಿಯಿಂದ ಹೆದ್ದಾರಿ ಕಾಣಿಸಿತು. ಮಾಂಸ ಸುಡಲೆಂದು ನೆಸ್ಟರ್ ಕಿತ್ತ ಬುಡಗಳ ರಾಶಿಯಿಂದ ಒಂದು ಗಾಡಿ ಸೌದೆ ಕೇಳಿದ. ವಿಲ್ಮರ್ ಎರಡು ಗಾಡಿ ಹೇರಿಸಿ ಕಳಿಸಿದ.

ಮುಂದಿನ ಶನಿವಾರ ಆರ್ಲೀನ್ ಕಾರ್ಡು ಹುಡುಕುತ್ತಿದ್ದಳು.

"ಆ ಎರಡನೇ ಚೀಲದ್ದು ಎರಡು ಬಾಟ್ಲಿ ತಗೊಂಬಾ," ಎಂದ ವಿಲ್ಮರ್.

"ನಮ್ಮದಲ್ವಲ್ಲೋ ಅದು."

"ಅಲ್ಲ. ಯಾರದ್ದೋ. ಚೆನ್ನಾಗಿ ಬೆಳೆದಿದ್ದಾನೆ."